ನೀಲಿ ಬಂದ ಗುರುವಾರಗಳು

ಸತ್ತೆಪ್ಪ ತನ್ನನ್ನು ಮೊದಲ ಸಲ ಕಂಡಾಗ ಮುಖ ನೋಡಲೇ ಇಲ್ಲ, ಬರೀ ಪಾದ ನೋಡಿದ ಎಂಬುದು ತಾರವ್ವನ ಮುಗಿಯದ ತಕರಾರು.

೧೯೯೧ರ ಫೆಬ್ರುವರಿ ತಿಂಗಳು. ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿ. ಹದ ಮಾಡಿದ ತೊಗಲಿನ ವಾಸನೆ ಗೋಡೆಗೋಡೆಗೂ ಅಂಟಿಕೊಂಡಿದ್ದ ಆ ಓಣಿಯಲ್ಲಿ ತಾರವ್ವ ಸಣ್ಣ ಸಣ್ಣ ಬಾಟಲಿಗಳ ಬುಟ್ಟಿ ಹಿಡಿದುಕೊಂಡು ಒಂದು ಹೊಸ್ತಿಲ ಮುಂದೆ ನಿಂತಿದ್ದಳು. ಒಳಗೆ ಗೋಣಿತಟ್ಟಿನ ಮೇಲೆ ಒಬ್ಬ ಗಂಡಸು ಕೂತು, ಎಡಗಾಲಿನ ಬೆರಳ ಸಂದಿಯಲ್ಲಿ ತೊಗಲಿನ ಪಟ್ಟಿ ಸಿಕ್ಕಿಸಿಕೊಂಡು, ರಂಪಿಗೆಯಿಂದ ಅದರ ಅಂಚು ಕೊಯ್ಯುತ್ತಿದ್ದ.

"ಐದ ನಂಬರ್," ಅಂದ ಅವನು, ತಲೆ ಎತ್ತದೆ. "ಎಡಗಾಲ ಬಲಗಾಲಕ್ಕಿಂತ ಒಂದ ನೂಲ ದೊಡ್ಡದೈತಿ. ಒಳಗ ಬರ್ರಿ, ಬಿಸಲಾಗ ಯಾಕ ನಿಂತೀರಿ. ಕಾಗದದ ಮ್ಯಾಲ ಕಾಲ ಇಡ್ರಿ, ಅಳತಿ ತಗೋತೀನಿ."

"ನಾ ಅಳತಿ ಕೊಡಾಕ ಬಂದಿಲ್ರಿ."

"ಮತ್ತ, ರಿಪೇರಿ ಏನ್ರಿ?"

"ಅದೂ ಅಲ್ರಿ. ನಿಮ್ಮ ಲಘವಿ ಬೇಕಾಗಿತ್ತು."

ಮೂತ್ರ ಕೇಳಿದ ಈ ಮಾತಿಗೆ ರಂಪಿಗೆ ನಿಂತಿತು. ಒಳಕೋಣೆಯಲ್ಲಿ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತ ಕೂತಿದ್ದ ಅವನ ತಾಯಿ ದುಂಡವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಗ ಅವನು ತಲೆ ಎತ್ತಿದ. ಮೀಸೆಯ ಮೇಲೆ ತೊಗಲಿನ ಪುಡಿ ಕೂತಿತ್ತು. ಗಂಡಸಿಗೆ ಇಷ್ಟುದ್ದ ರೆಪ್ಪೆ ಯಾಕೆ ಕೊಟ್ಟನೋ ದೇವರು ಎಂದುಕೊಂಡಳು ತಾರವ್ವ. ತಕ್ಷಣ ಬುಟ್ಟಿಯ ಕಡೆಗೆ ನೋಡತೊಡಗಿದಳು.

"ಮಹಾವೀರ ಡಾಕ್ಟರು ಕಳಿಸ್ಯಾರ," ಅಂದಳು ಗಡಿಬಿಡಿಯಲ್ಲಿ. "ಸಕ್ರಿ ಬ್ಯಾನಿ ನೋಡಾಕ. ಓಣ್ಯಾಗ ಎಲ್ಲಾರದೂ ನೋಡಾಕತ್ತೀವಿ."

"ಹೆಣ್ಣಮಗಳ ಮನಿಮನಿಗೆ ಬಂದು ಇದನ್ನ ಕೇಳತೀರಲ್ಲ," ಅಂದ ಸತ್ತೆಪ್ಪ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ. "ನಿಮಗ ನಾಚಿಕಿ ಬರಾಂಗಿಲ್ಲೇನ್ರಿ ಬಾಯಾರ?"

"ಬರತಿತ್ರಿ. ಮೊದಲಿನ ಹತ್ತ ಮನಿಗೆ."

"ನಮ್ಮದ ಎಷ್ಟನೇದ?"

"ಹದಿನಾಲ್ಕ."

ಅವನು ನಕ್ಕ. ಬಹಳ ದಿನ ನಗದೆ ಇದ್ದವನ ನಗುವಿನಂತೆ ಅದು ಸ್ವಲ್ಪ ತಡವರಿಸಿ ಬಂತು. ಎಂಟು ವರ್ಷದ ಹಿಂದೆ ಹೆರಿಗೆಯಲ್ಲಿ ಹೆಂಡತಿಯನ್ನೂ ಕೂಸನ್ನೂ ಒಟ್ಟಿಗೆ ಕಳೆದುಕೊಂಡವನು ಅವನು ಎಂಬುದು ತಾರವ್ವನಿಗೆ ಆಮೇಲೆ ತಿಳಿಯಿತು.

ಅವಳ ಕಥೆಯೂ ಸುಖದ್ದಾಗಿರಲಿಲ್ಲ. ತಾರವ್ವ ನಿಪ್ಪಾಣಿಯವಳು, ಅವಳಪ್ಪನೂ ಚಪ್ಪಲಿ ಮಾಡುತ್ತಿದ್ದವನೇ. ಸಕ್ಕರೆ ಬೇನೆಯಿಂದ ಜೋಮು ಹಿಡಿದ ಅವನ ಅಂಗಾಲಿಗೆ ಒಂದು ಮೊಳೆ ಚುಚ್ಚಿ, ಚುಚ್ಚಿದ್ದು ಗೊತ್ತೇ ಆಗದೆ, ಗಾಯ ಕೊಳೆತು, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಳಕಾಲ ತನಕ ಹೋಯಿತು. ನಾಲ್ಕು ವರ್ಷ ಆ ಗಾಯ ತೊಳೆದವಳು ತಾರವ್ವ. ಆ ನಾಲ್ಕು ವರ್ಷದಲ್ಲಿ ಬಂದ ವರಗಳು ಮನೆಯ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ತಿರುಗಿ ಹೋದವು. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೇಳು. ಅಥಣಿಯಲ್ಲಿದ್ದ ಚಿಗವ್ವ ಸುಂದ್ರವ್ವ ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದಳು.

ಮಹಾವೀರ ಡಾಕ್ಟರು ಆಗಷ್ಟೇ ಓಣಿಯಲ್ಲಿ ತಮ್ಮ ಕೆಲಸ ಹೂಡಿದ್ದರು. ಎರಡು ವರ್ಷದಲ್ಲಿ ಅದೊಂದೇ ಓಣಿಯಿಂದ ಏಳು ಜನ ಕಾಲು ಕಳೆದುಕೊಂಡು ಬಂದದ್ದನ್ನು ಅವರು ಕಂಡಿದ್ದರು. "ಕಾಲ ಕೊಯ್ಯೂ ದವಾಖಾನಿ ಮೀರಜದಾಗ ಐತಿ. ಕಾಲ ಉಳಿಸೂ ದವಾಖಾನಿ ಓಣ್ಯಾಗ ಇರಬೇಕು," ಅನ್ನುತ್ತಿದ್ದರು. ಗಾಯ ಕಟ್ಟಲು ಬರುವ, ಎಸ್ಸೆಸ್ಸೆಲ್ಸಿ ಓದಿದ ತಾರವ್ವ ಅವರಿಗೆ ಸಿಕ್ಕಳು.

ಪ್ರತಿ ಗುರುವಾರ ಸಮಾಜ ಮಂದಿರದ ಪಡಸಾಲೆಯಲ್ಲಿ ಅವಳು ಸ್ಪಿರಿಟ್ ದೀಪ ಹಚ್ಚುವಳು. ಗಾಜಿನ ನಳಿಗೆಯಲ್ಲಿ ನೀಲಿ ನೀರು, ಅದಕ್ಕೆ ಬಾಟಲಿಯಿಂದ ಎಂಟು ಹನಿ, ಆಮೇಲೆ ಕುದಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಬಣ್ಣ ಬಂದರೆ ಗಂಡಾಂತರ. ದಿನವಿಡೀ ಕೂತು ಕೆಲಸ ಮಾಡುವ, ತಾಸಿಗೊಮ್ಮೆ ಸಕ್ಕರೆ ಸುರಿದ ಚಹಾ ಕುಡಿಯುವ ಆ ಓಣಿಯಲ್ಲಿ ನೀಲಿಯ ಬಾಟಲಿಗಳು ಅವಳು ಎಣಿಸಿದ್ದಕ್ಕಿಂತ ಕಡಿಮೆ ಇದ್ದವು.

ಎರಡನೆಯ ಗುರುವಾರಕ್ಕೆ ಸತ್ತೆಪ್ಪ ಇನ್ನೂ ಬಾಟಲಿ ಕೊಟ್ಟಿರಲಿಲ್ಲ. ಮಧ್ಯಾಹ್ನ ಅವಳೇ ಹೋದಳು. ದುಂಡವ್ವ ಕುಡಿಯಲು ನೀರು ಕೊಟ್ಟು, "ಇಂಥಾ ಹೊಲಸ ಕೆಲಸಕ್ಕ ಯಾಕ ಬಿದ್ದಿ ಯವ್ವಾ?" ಎಂದು ಕೇಳಿದಳು. ತಾರವ್ವ ಅಪ್ಪನ ಕಾಲಿನ ಕಥೆ ಹೇಳಿದಳು.

"ಮಂದಿ ಕಾಲ ಎಷ್ಟ ಬೇಕಾದ್ರೂ ನೋಡೇನ್ರಿ ಅತ್ತಿ. ಆದ್ರ ನನ್ನ ಮನ್ಯಾಗ ಇನ್ನೊಮ್ಮೆ ಅಂಥಾ ಕಾಲ ಕಾಣಬಾರದು. ಅಂಥಾ ಕಾಲ ಇರೂ ಮನಿ ನಂಗ ಬ್ಯಾಡ. ನನ್ನ ಕೈಲೆ ಆಗಾಂಗಿಲ್ಲ."

ಸತ್ತೆಪ್ಪ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ತನ್ನ ಎಡಗಾಲನ್ನು ಮೆಲ್ಲಗೆ ಮಡಚಿ ಗೋಣಿತಟ್ಟಿನ ಕೆಳಗೆ ಸೇರಿಸಿಕೊಂಡ. ಚಳಿಯಿರಬೇಕು ಎಂದುಕೊಂಡಳು ಅವಳು. ಚಳಿ ಹೋಗಿ ವಾರವಾಗಿತ್ತು.

ಮರುವಾರ ಅವನ ಬಾಟಲಿ ಬಂತು. ಕುದಿಸಿದಳು. ತಿಳಿ ನೀಲಿ.

ಅವಳಿಗೆ ಆದ ಸಂತೋಷಕ್ಕೆ ಕಾರಣ ಇರಲಿಲ್ಲ. ಓಣಿಯ ಹದಿನಾಲ್ಕನೇ ಮನೆಯ ಒಬ್ಬ ಗಂಡಸಿಗೆ ಸಕ್ಕರೆ ಬೇನೆ ಇಲ್ಲ, ಅಷ್ಟೇ. ಆದರೂ ಆ ದಿನ ಮನೆಗೆ ಹೋಗುವಾಗ ಅವಳು ಹೂವು ಮಾರುವವಳ ಹತ್ತಿರ ನಿಂತು ಒಂದು ಮೊಳ ಅಬ್ಬಲಿಗೆ ಕೊಂಡಳು. ಅಪ್ಪ ಸತ್ತ ಮೇಲೆ ಮುಡಿದ ಮೊದಲ ಹೂವು ಅದು.

ಓಣಿಗೆ ಹೊಸ ರೂಢಿ ಹತ್ತಲು ಆರು ತಿಂಗಳು ಬೇಕಾಯಿತು. ಹೆಂಗಸರು ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದರು, ಗಂಡಸರು ಬೈದರು, ಆಮೇಲೆ ಕುಡಿದರು. ಸಂಜೆ ಐದಕ್ಕೆ ಕೆಲಸ ಬಿಟ್ಟು ಕೆರೆಯ ತನಕ ನಡೆದು ಬರುವ ಗುಂಪಿನಲ್ಲಿ ಮೊದಲು ನಾಲ್ಕೇ ಜನ ಇದ್ದರು. ದೀಪಾವಳಿ ಹೊತ್ತಿಗೆ ಮೂವತ್ತಾದರು.

ಸತ್ತೆಪ್ಪನದು ಬೇರೆಯೇ ಕೆಲಸವಾಯಿತು. ಕಾಲು ಜೋಮು ಹಿಡಿದವರಿಗೆ ಗಟ್ಟಿ ತೊಗಲಿನ ಚಪ್ಪಲಿ ಚುಚ್ಚಿದರೂ ತಿಳಿಯುವುದಿಲ್ಲ ಎಂದು ಡಾಕ್ಟರು ಒಮ್ಮೆ ಹೇಳಿದ್ದನ್ನು ಅವನು ತಲೆಗೆ ಹಾಕಿಕೊಂಡ. ಅಟ್ಟೆಯ ಮೇಲೆ ಮೆತ್ತನೆಯ ರಬ್ಬರಿನ ಹಾಳೆ ಕೂರಿಸಿ, ಮೊಳೆ ಹೊಡೆಯದೆ ಬರೀ ಹೊಲಿಗೆಯಲ್ಲಿ ಒಂದು ಜೊತೆ ಮಾಡಿ ತಂದ. ಡಾಕ್ಟರು ಅದನ್ನು ತಿರುವಿ ತಿರುವಿ ನೋಡಿ, "ಸತ್ತೆಪ್ಪ, ಇದು ಔಷಧನ ಐತಿ," ಅಂದರು. ಅಂದಿನಿಂದ ಗುರುವಾರಗಳಲ್ಲಿ ಅವನೂ ಮಂದಿರಕ್ಕೆ ಬರತೊಡಗಿದ. ತಾರವ್ವ ಜನರ ಪಾದ ಪರೀಕ್ಷೆ ಮಾಡುವಳು, ಅವನು ಪಕ್ಕದಲ್ಲಿ ಕೂತು ಕಾಗದದ ಮೇಲೆ ಪಾದದ ಸುತ್ತ ಗೆರೆ ಎಳೆಯುವನು. ಅವಳ ಕೈ ಮತ್ತು ಅವನ ಕೈ ಒಂದೇ ಪಾದದ ಎರಡು ಬದಿಗೆ ಇರುತ್ತಿದ್ದವು. ಎಂದೂ ತಾಗುತ್ತಿರಲಿಲ್ಲ. ಆ ತಾಗದ ನಾಲ್ಕು ಬೆರಳ ಅಂತರವನ್ನು ಇಬ್ಬರೂ ಬಹಳ ಜೋಪಾನ ಮಾಡುತ್ತಿದ್ದರು.

"ಎಲ್ಲಾರಿಗೂ ಮೆತ್ತಗಿನ ಕಾಲ್ಮರಿ ಮಾಡಿ ಕೊಡ್ತೀರಿ. ನೀವ ಬರಿಗಾಲಾಗ ತಿರಗತೀರಿ," ಅಂದಳು ಒಂದು ದಿನ.

"ನನ್ನ ಅಳತಿ ಯಾರರ ತಗೋಬೇಕಲ್ರಿ."

"ಅಳತಿ ತಗೊಳ್ಳಾಕ ಬರಾಂಗಿಲ್ಲ ನಂಗ."

"ಕಲಸೂಣು," ಅಂದ, ಗೆರೆ ಎಳೆಯುವ ಪೆನ್ಸಿಲಿನಿಂದ ಕಣ್ಣು ತೆಗೆಯದೆ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಶ್ರಾವಣದಲ್ಲಿ ಡಾಕ್ಟರು ಅವಳಿಗೆ ಹೊಸದೊಂದು ಪರೀಕ್ಷೆ ಕಲಿಸಿದರು. ರೋಗಿ ಕಣ್ಣು ಮುಚ್ಚಬೇಕು. ಅವಳು ಹತ್ತಿಯ ಎಳೆಯಿಂದ ಪಾದವನ್ನು ಅಲ್ಲಲ್ಲಿ ಸೋಕಿಸಬೇಕು. ಎಲ್ಲಿ ಸೋಕಿತೆಂದು ಅವರು ಹೇಳಬೇಕು. ಹೇಳಲಾಗದ ಜಾಗ ಸತ್ತ ಜಾಗ. ಆ ಗುರುವಾರ ಇಪ್ಪತ್ತು ಜನರನ್ನು ನೋಡಿ ಮುಗಿಸಿದಾಗ ಮುದುಕ ಬಾಳಾಸಾಬ ನಗುತ್ತ, "ಬಾಯಾರ, ಸತ್ತೆಪ್ಪಂದೂ ನೋಡ್ರಿ. ಅಂವ ಏನ ದೇವಲೋಕದಿಂದ ಇಳದಾನೇನು?" ಅಂದ.

ಸತ್ತೆಪ್ಪ ಏಳಲು ಹೋದ. ಸುತ್ತಲಿದ್ದವರು ಹಿಡಿದು ಕೂರಿಸಿದರು.

"ಕಣ್ಣ ಮುಚ್ಚರಿ," ಅಂದಳು ತಾರವ್ವ. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿತು. ಎಡಗಾಲಿನ ಹೆಬ್ಬೆರಳಿಗೆ ಹತ್ತಿ ಸೋಕಿಸಿದಳು.

"ಹೆಬ್ಬಟ್ಟ."

"ಈಗ?"

"ಹಿಮ್ಮಡ."

"ಈಗ?" ಅಂದಳು, ಬೇಕೆಂತಲೇ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ.

"ಈಗ ನೀವ ಮುಟ್ಟೇ ಇಲ್ಲ."

ಜನ ನಕ್ಕರು. ತಾರವ್ವ ತಲೆ ಎತ್ತಿದಳು. ಅವನ ಉದ್ದ ರೆಪ್ಪೆಗಳು ಪೂರ್ತಿ ಮುಚ್ಚಿರಲಿಲ್ಲ. ಅವುಗಳ ನಡುವೆ ನೂಲಿನಷ್ಟು ಸಂದಿ ಇತ್ತು. ಆ ಸಂದಿಯಲ್ಲಿ ಕಪ್ಪನೆಯ ಕಣ್ಣು ಮಿನುಗಿ, ಅವಳ ಕೈಯಿಂದ ಅವಳ ಮುಖಕ್ಕೆ ಬಂದು ನಿಂತಿತು. ಅವಳ ಕುತ್ತಿಗೆಯಿಂದ ಕೆನ್ನೆಯ ತನಕ ಬಿಸಿ ಏರಿತು. ಬಲಗಾಲನ್ನು ಹೇಗೋ ಮುಗಿಸಿದಳು. ಅಂಗಾಲು ತಿರುಗಿಸಿ ನೋಡಲಿಲ್ಲ. ನೋಡಲು ನಾಚಿಕೆಯಾಯಿತು. ವಹಿಯಲ್ಲಿ "ಎರಡೂ ಪಾದ ಸರಿ" ಎಂದು ಬರೆದಳು.

ಎಲ್ಲರೂ ಹೋದ ಮೇಲೆ ಹತ್ತಿಯ ಗಂಟು ಕಟ್ಟುತ್ತ, "ಕಣ್ಣ ತೆರದಿದ್ರಿ," ಅಂದಳು.

"ನೋಡೂಹಂತಾದ್ದ ಎದುರಿಗೆ ಇದ್ರ, ಕಣ್ಣ ಯಾರ ಮುಚ್ಚತಾರ್ರಿ?"

ಆ ಒಂದು ಮಾತನ್ನು ಅವಳು ಎರಡು ತಿಂಗಳು ತಿಂದಳು, ಕುಡಿದಳು, ಹಾಸಿ ಮಲಗಿದಳು.

ದೀಪಾವಳಿಗೆ ಮುಂಚೆ ದುಂಡವ್ವ ಸುಂದ್ರವ್ವನ ಮನೆಗೆ ಕುಪ್ಪಸದ ಕಣ, ಕಾಯಿ ತಂದು ಹೆಣ್ಣು ಕೇಳಿದಳು. ಮಾತು ಗಟ್ಟಿಯಾಯಿತು. ಮಾಘ ಮಾಸದಲ್ಲಿ ಮದುವೆಯ ಅಕ್ಕಿಕಾಳು ಎಂದು ಹಿರಿಯರು ಹೇಳಿದರು. ಅವತ್ತಿನಿಂದ ಸತ್ತೆಪ್ಪ ಮಾತ್ರ ಬಾಡತೊಡಗಿದ. ಸಂಜೆಯ ನಡಿಗೆಗೆ ಬರುವುದನ್ನು ಬಿಟ್ಟ. "ಬಾಯಾರ, ನಿಮ್ಮ ಜೋಡಿ ಒಂದ ಮಾತ ಆಡೂದೈತಿ," ಎಂದು ಎರಡು ಸಲ ಅಂದು, ಎರಡು ಸಲವೂ ಬೇರೆ ಏನನ್ನೋ ಆಡಿದ. ಮೊದಲ ಹೆಂಡತಿಯ ನೆನಪು ಇರಬೇಕೆಂದು ಅವಳು ಒತ್ತಿ ಕೇಳಲಿಲ್ಲ. ಗುರುವಾರದ ಬಾಟಲಿ ಮಾತ್ರ ತಪ್ಪದೆ ನೀಲಿ ತೋರಿಸುತ್ತಿತ್ತು.

ಕಾರ್ತಿಕದ ಒಂದು ಬುಧವಾರ ಮಧ್ಯಾಹ್ನ ಮೂವರು ಹೊಸ ರೋಗಿಗಳ ಹೆಸರು ಕೊಡಲು ಅವನ ಮನೆಗೆ ಹೋದಳು. ಅವನು ಎಂದಿನಂತೆ ಎಡಗಾಲ ಬೆರಳಲ್ಲಿ ತೊಗಲು ಹಿಡಿದು ಕೊಯ್ಯುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. ಅವಳು ಹೊಸ್ತಿಲ ಮೇಲೆ ಕೂತಳು.

"ನಿಮ್ಮ ಚಿಗವ್ವ ಏನಂತಾಳ?"

"ಹಸರ ಸೀರಿ ಬೇಕೋ ಕೆಂಪ ಬೇಕೋ ಅಂತ ಕೇಳಾಕತ್ಯಾಳ."

"ನೀವ ಏನಂದ್ರಿ?"

"ನಿಮ್ಮನ್ನ ಕೇಳಿ ಹೇಳತೀನಿ ಅಂದೆ."

ಅವನು ಅವಳನ್ನೇ ನೋಡುತ್ತಿದ್ದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. "ಹಸರ," ಅಂದ. "ನಿಮ್ಮ ಬಣ್ಣಕ್ಕ ಹಸರ ಚಲೋ ಒಪ್ಪತೈತಿ. ಜರದ ಅಂಚ ಸಣ್ಣದ ಇರಲಿ..."

ತಾರವ್ವನಿಗೆ ಮುಂದಿನ ಮಾತು ಕೇಳಲಿಲ್ಲ. ಹಳದಿ ತೊಗಲಿನ ಮೇಲೆ ಒಂದು ಕೆಂಪು ಗೆರೆ ಹರಿದು ಬರುತ್ತಿತ್ತು. ರಂಪಿಗೆ ಜಾರಿ ಅವನ ಎರಡನೆಯ ಬೆರಳನ್ನು ಎಲುಬಿನ ತನಕ ಸೀಳಿತ್ತು. ಅವನು ನಗುತ್ತಲೇ ಇದ್ದ, ಸೀರೆಯ ಅಂಚಿನ ಬಗ್ಗೆ ಹೇಳುತ್ತಲೇ ಇದ್ದ.

"ನಿಮ್ಮ ಕಾಲ," ಅಂದಳು.

ಅವನು ಕೆಳಗೆ ನೋಡಿದ. ಆಮೇಲೆ ಅವಳನ್ನು ನೋಡಿದ. ಅವನ ಮುಖದಲ್ಲಿ ನೋವಿರಲಿಲ್ಲ. ಸಿಕ್ಕುಬಿದ್ದವನ ಅಂಜಿಕೆ ಇತ್ತು.

ಅವಳು ಎದ್ದು ಬಂದು ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದಳು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನಲ್ಲಿ, ಹಳೆಯದೊಂದು ತೂತು ಇತ್ತು. ಅದಕ್ಕೆ ತುರುಕಿದ್ದ ಅರಿವೆಯ ಚೂರನ್ನು ಅವಳು ಎಳೆದಾಗ ವಾಸನೆ ಬಂತು. ತೊಗಲಿನ ವಾಸನೆ ತುಂಬಿದ ಆ ಮನೆಯಲ್ಲಿ ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ತಾರವ್ವನಿಗೆ ನಾಲ್ಕು ವರ್ಷದ ಪರಿಚಯ ಅದು.

"ಯಾರ ಬಾಟ್ಲಿ ಅದು?" ಅಂದಳು. "ಇಷ್ಟ ದಿನ ನಾ ಕುದಿಸಿದ್ದ ಯಾರದು?"

ಒಳಕೋಣೆಯಲ್ಲಿ ಹೆಣೆಯುತ್ತಿದ್ದ ದುಂಡವ್ವನ ಕೈ ನಿಂತಿತ್ತು.

ತಾರವ್ವ ಗಾಯ ಕಟ್ಟಿದಳು. ಕೈಗಳಿಗೆ ಆ ಕೆಲಸ ಗೊತ್ತಿತ್ತು, ಅವಳ ಮನಸ್ಸನ್ನು ಕೇಳಬೇಕಾಗಿರಲಿಲ್ಲ. ಕಟ್ಟಿ ಮುಗಿಸಿ, "ಈಗಿಂದೀಗ ಡಾಕ್ಟರ ಕಡೆ ಹೋಗ್ರಿ," ಎಂದಷ್ಟೇ ಹೇಳಿ ಓಣಿ ದಾಟಿದಳು. ಹಿಂದಿನಿಂದ "ಬಾಯಾರ" ಎಂದು ಒಂದು ಸಲ ಕೇಳಿತು. ತಿರುಗಲಿಲ್ಲ.

ಡಾಕ್ಟರು ಅಂದೇ ಅವನನ್ನು ಮೀರಜಕ್ಕೆ ಕಳಿಸಿದರು. ಮೂರನೆಯ ದಿನ ಸುದ್ದಿ ಬಂತು. ಎರಡು ಬೆರಳು ತೆಗೆದಿದ್ದಾರೆ, ಇನ್ನೂ ತೆಗೆಯಬೇಕಾಗಬಹುದು. ಸುಂದ್ರವ್ವ ನಿಶ್ಚಯ ಮುರಿಯಿತೆಂದು ತಾನೇ ಹೇಳಿಕಳಿಸಿದಳು. "ಅಪ್ಪನ ಕಾಲ ತೊಳದಿ. ಇನ್ನ ಗಂಡನ ಕಾಲ ತೊಳಕೋತ ಕೂಡತೀಯೇನ? ನಾ ಬದಕಿರೂತನಕ ಆಗೂ ಮಾತಲ್ಲ."

ತಾರವ್ವ ಅಳಲಿಲ್ಲ. ಗುರುವಾರ ಮಂದಿರಕ್ಕೆ ಹೋಗಿ ವಹಿ ತೆರೆದಳು. ಹದಿನಾಲ್ಕನೇ ಮನೆ, ಸತ್ತೆಪ್ಪ. ನೀಲಿ, ನೀಲಿ, ನೀಲಿ. ಎಲ್ಲ ಅವಳದೇ ಅಕ್ಷರ. ಓಣಿಯ ಪ್ರತಿಯೊಬ್ಬರ ಅಂಗಾಲನ್ನೂ ತಿರುಗಿಸಿ ನೋಡಿದವಳು, ತಾನು ಪ್ರೀತಿಸಿದವನದೊಂದನ್ನು ಮಾತ್ರ ನೋಡಿರಲಿಲ್ಲ.

"ನಂದೂ ತಪ್ಪೈತ್ರಿ," ಅಂದಳು ಡಾಕ್ಟರ ಮುಂದೆ. "ಪಾದ ಸರಿ ಅಂತ ಬರದಾಕಿ ನಾನು. ಅಂವ ಸುಳ್ಳ ಹೇಳಿದ, ನಾ ನಂಬಿದೆ."

ಮಹಾವೀರ ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಅಂವ ಬ್ಯಾನಿಗೆ ಅಂಜಿಲ್ಲವಾ," ಅಂದರು. "ಬ್ಯಾನಿಗೆ ಅಂಜೂ ಮನಶ್ಯಾ ಊರ ಮಂದಿಗೆಲ್ಲಾ ಕಾಲ್ಮರಿ ಮಾಡಿ ಕೊಡಾಂಗಿಲ್ಲ. ಖರೇ ಹೇಳಿದ್ರ ಯಾರೋ ದೂರ ಆಗ್ತಾರ ಅಂತ ಅಂಜ್ಯಾನ. ಬ್ಯಾನಿ ಇದ್ದವರನ್ನ ನಾವ ಹ್ಯಾಂಗ ನೋಡ್ತೀವೋ, ಅದನ್ನ ನೋಡಿ ಮಂದಿ ಬಾಯಿ ಬಿಡತಾರ, ಇಲ್ಲಾ ಮುಚ್ಚತಾರ."

ಅಂಥಾ ಕಾಲ ಇರೂ ಮನಿ ನಂಗ ಬ್ಯಾಡ. ಯಾರು ಆ ಮಾತು ಆಡಿದ್ದೆಂದು ತಾರವ್ವನಿಗೆ ಯಾರೂ ನೆನಪು ಮಾಡಬೇಕಾಗಿರಲಿಲ್ಲ.

ಆ ಸಂಜೆ ದುಂಡವ್ವ ಸುಂದ್ರವ್ವನ ಮನೆಯ ಅಂಗಳಕ್ಕೆ ಬಂದಳು. ಕಟ್ಟೆ ಹತ್ತಲಿಲ್ಲ, ತುಳಸಿಯ ಹತ್ತಿರ ನೆಲದ ಮೇಲೆ ಕೂತಳು.

"ನಂದ ಬಾಟ್ಲಿ ಯವ್ವಾ ಅದು," ಅಂದಳು. "ನನ್ನ ಹೆಸರಿಂದೂ ಅವನ ಹೆಸರಿಂದೂ, ಎರಡೂ ನಂದ. ಅಂವ ಉಚ್ಚಿ ಹೊಯ್ದ ಜಾಗಾಕ ಇರಬಿ ಮುತ್ತತಿದ್ದು. ನೀ ಬರೂದಕ್ಕಿಂತ ಮೊದಲ ಸಾಂಗಲಿಗೆ ಹೋಗಿ ತೋರಿಸಿದ್ದ. ಗುಳಿಗಿ ತಿಂದ ದಿನ ತಿಂದ, ಬಿಟ್ಟ ದಿನ ಬಿಟ್ಟ. ನೀ ಅವತ್ತ ಅಪ್ಪನ ಕಥಿ ಹೇಳಿದ್ಯಲ್ಲ, ಅವತ್ತ ಸಂಜಿಕ ನನ್ನ ಮುಂದ ಕುಂತ, ಯವ್ವಾ ಅಕಿ ಇನ್ನ ನಮ್ಮ ಮನಿಗೆ ಬರಾಂಗಿಲ್ಲ ಅಂದ. ಎಂಟ ವರ್ಷದಾಗ ನನ್ನ ಮಗ ಒಂದ ಹೆಣ್ಣಮಗಳ ಬರೂದನ್ನ ಕಾದಿದ್ದಿಲ್ಲ. ನಾನ ಹೇಳಿದೆ ಯವ್ವಾ. ನಂದ ಕೊಡು ಅಂತ ನಾನ ಹೇಳಿದೆ. ನನ್ನ ಕೈಯಾರೆ ಮಗನ ಕಾಲ ಕೊಯ್ದೆ."

ಸುಂದ್ರವ್ವ ಬಾಗಿಲಲ್ಲಿ ಬೈಯಲು ನಿಂತವಳು ಬೈಯದೆ ಒಳಗೆ ಹೋದಳು. ತಾರವ್ವ ಅಂಗಳಕ್ಕೆ ಇಳಿದು ಮುದುಕಿಯ ಪಕ್ಕ ಕೂತಳು. ಅವಳಿಗೆ ಆಗ ಅಳು ಬಂತು.

ಮರುದಿನ ಬೆಳಗಿನ ಬಸ್ಸಿಗೆ ಮೀರಜಕ್ಕೆ ಹೋದಳು.

ವಾರ್ಡಿನ ಕೊನೆಯ ಮಂಚದಲ್ಲಿ ಅವನು ಗೋಡೆ ನೋಡುತ್ತ ಮಲಗಿದ್ದ. ಪಾದಕ್ಕೆ ದಪ್ಪನೆಯ ಪಟ್ಟಿ. ಗಡ್ಡ ಬೆಳೆದು, ಕೆನ್ನೆ ಒಳಗೆ ಹೋಗಿತ್ತು. ಅವಳ ಹೆಜ್ಜೆಯ ಸಪ್ಪಳಕ್ಕೆ ತಿರುಗಿದ. ಏಳಲು ಹೋಗಿ ಆಗಲಿಲ್ಲ.

"ಯಾಕ ಬಂದ್ರಿ?" ಅಂದ.

"ಜಗಳ ಆಡಾಕ."

"ಆಡ್ರಿ."

ಅವಳು ಸ್ಟೂಲಿನ ಮೇಲೆ ಕೂತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಅವತ್ತ ಮಂದಿರದಾಗ," ಅಂದಳು ಕಡೆಗೆ, "ಕಣ್ಣ ತೆರದ ನೋಡಿದ್ದ ನನ್ನನ್ನೋ, ನನ್ನ ಕೈ ಎಲ್ಲಿ ಐತಿ ಅನ್ನೂದನ್ನೋ?"

ಸತ್ತೆಪ್ಪ ಕಣ್ಣು ಮುಚ್ಚಿದ. ಈ ಸಲ ಪೂರ್ತಿ ಮುಚ್ಚಿದ. ರೆಪ್ಪೆಯ ಅಂಚಿನಲ್ಲಿ ನೀರು ಕೂಡಿತು.

"ಕೈ ನೋಡಾಕಂತನ ತೆರದೆ," ಅಂದ. "ಆಮ್ಯಾಲ ಕೈ ನೋಡೂದ ಮರತೆ. ಎರಡೂ ಖರೇನ. ಆದ್ರ ಮೊದಲನೇದ ಮೊದಲ."

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಅದಲ್ಲ. ಇಷ್ಟು ತಿಂಗಳಲ್ಲಿ ಅವನು ಒಂದೂ ಕಲೆಯಿಲ್ಲದೆ ಆಡಿದ ಮೊದಲ ಮಾತು ಅದು ಎನಿಸಿತು.

"ನೀವ ತಿರಗಿ ಹೋಗ್ರಿ," ಅಂದ ಅವನು. "ಚಿಗವ್ವ ಹೇಳಿದ್ದ ಖರೇ ಐತಿ. ಇಲ್ಲಿ ದೊಡ್ಡ ಡಾಕ್ಟರು ಹೇಳ್ಯಾರ, ಇದ ಇಷ್ಟಕ್ಕ ನಿಲ್ಲತೈತಿ ಅಂತ ಹೇಳಾಕ ಬರಾಂಗಿಲ್ಲ. ಇನ್ನೊಂದ ಕಾಲಿಗೂ ಬರಬಹುದು. ಕಣ್ಣಿಗೆ ಬರಬಹುದು. ನಿಮ್ಮ ಅಪ್ಪನ ಮನಿಯಿಂದ ಎದ್ದ ಬಂದ ನೀವು ಅದ ಮನಿಗೆ ಬಂದ ಕುಂದರಬ್ಯಾಡ್ರಿ."

"ನಾ ನಿಮ್ಮ ಕಾಲ ತೊಳಿಯಾಂಗಿಲ್ಲ," ಅಂದಳು ತಾರವ್ವ.

ಅವನು ತಲೆಯಾಡಿಸಿದ. ಅವಳು ಹೇಳುವುದು ಇನ್ನೂ ಮುಗಿದಿರಲಿಲ್ಲ.

"ನೀವ ತೊಳಕೋಬೇಕು. ದಿನಾ ಕನ್ನಡಿ ಹಿಡದ ಅಂಗಾಲ ನೋಡಕೋಬೇಕು. ಗುಳಿಗಿ ತಗೋಬೇಕು. ಬಾಟ್ಲಿ ನಿಮ್ಮದ ಬರಬೇಕು, ಅದು ಇಟ್ಟಂಗಿ ಬಣ್ಣದ್ದಾದ್ರೂ ನಿಮ್ಮದ ಬರಬೇಕು. ಓಣಿ ಮಂದಿ ಮುಂದ ನಿಂತ, ನಂಗ ಸಕ್ರಿ ಬ್ಯಾನಿ ಐತಿ, ಮುಚ್ಚಿಟ್ಟೆ, ಕಾಲಿನ ಎರಡ ಬಟ್ಟ ಕಳಕೊಂಡೆ ಅಂತ ಹೇಳಬೇಕು. ಇಷ್ಟ ಮಾಡೂದಿದ್ರ ನಾ ಆಜೂಬಾಜೂ ಇರತೀನಿ. ಇಲ್ಲಂದ್ರ ಇಲ್ಲ."

"ಇದ್ದು ಏನ ಮಾಡ್ತೀರಿ?"

"ಜಗಳ ಆಡತೀನಿ."

ಅವನ ತುಟಿ ಅಲುಗಿತು, ನಗುವಾಗಲಿಲ್ಲ. "ತಾರಾ," ಅಂದ. ಬಾಯಾರ ಅನ್ನಲಿಲ್ಲ. "ನಂಗ ಎಷ್ಟ ದಿನ ಐತೋ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಅಷ್ಟ ಸಾಕು ನಂಗ."

ಅವಳ ಕೈ ಮಂಚದ ಅಂಚಿನ ಮೇಲಿತ್ತು. ಅವನ ಕೈ ಹಾಸಿಗೆಯ ಮೇಲಿತ್ತು. ಯಾರದು ಮೊದಲು ಸರಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಸುಂದ್ರವ್ವ ಅಕ್ಕಿಕಾಳಿಗೆ ಬರಲಿಲ್ಲ, ಆಮೇಲೆ ಬಂದಳು. ಸತ್ತೆಪ್ಪ ಕೊಟ್ಟ ಮಾತಿನಂತೆ ಮಂದಿರದಲ್ಲಿ ನಿಂತು ಎಲ್ಲರೆದುರು ಹೇಳಿದ. ಅವನು ಹೇಳಿದ ಮರುವಾರ ಓಣಿಯ ಆರು ಜನ, ತಾವೂ ಬೇರೆಯವರ ಬಾಟಲಿ ಕೊಡುತ್ತಿದ್ದೆವೆಂದು ಒಪ್ಪಿ ತಮ್ಮದನ್ನು ತಂದರು. ಅವರಿಬ್ಬರ ಪಾಲಿಗೆ ಬಂದದ್ದು ಏಳು ವರ್ಷ. ಕಾಲು ಅಷ್ಟಕ್ಕೇ ನಿಂತಿತು, ಕಡೆಗೆ ಮೂತ್ರಪಿಂಡ ಕೈಕೊಟ್ಟಿತು. ಆ ಏಳು ವರ್ಷದಲ್ಲಿ ಓಣಿಯಲ್ಲಿ ಕಾಲು ಕಳೆದುಕೊಂಡವರು ಒಬ್ಬರೇ. ತಾರವ್ವ ಇಂದಿಗೂ ಗುರುವಾರ ಮಂದಿರಕ್ಕೆ ಹೋಗುತ್ತಾಳೆ.

ಅವಳು ಹೆಚ್ಚು ನೆನೆಯುವುದು ಮದುವೆಯ ದಿನವನ್ನಲ್ಲ. ಅವನನ್ನು ದವಾಖಾನೆಯಿಂದ ಬಿಡಿಸಿಕೊಂಡು ಮೀರಜದಿಂದ ಮರಳಿದ ಮಧ್ಯಾಹ್ನದ ಬಸ್ಸನ್ನು. ಹಿಂದಿನ ಸೀಟಿನಲ್ಲಿ ದುಂಡವ್ವ ಗಂಟು ತಬ್ಬಿಕೊಂಡು ಕೂತಿದ್ದಳು. ಪಟ್ಟಿ ಕಟ್ಟಿದ ಕಾಲನ್ನು ಉದ್ದಕ್ಕೆ ಚಾಚಿ ಕೂತ ಸತ್ತೆಪ್ಪ, ಹೊಳೆ ದಾಟುವ ಮೊದಲೇ ನಿದ್ದೆ ಹೋದ. ಬಸ್ಸು ಕುಲುಕಿದಾಗ ಅವನ ತಲೆ ಅವಳ ಭುಜದ ಮೇಲೆ ಬಿತ್ತು. ಲಗ್ನವಾಗದ ಹೆಣ್ಣು, ತುಂಬಿದ ಬಸ್ಸು. ತಾರವ್ವ ಸರಿಯಲಿಲ್ಲ.

ಕಾಗವಾಡದಲ್ಲಿ ಹತ್ತಿದ ಒಬ್ಬ ಹೆಂಗಸು ಎದುರಿನ ಸೀಟಿನಲ್ಲಿ ಕೂತು, ಅವನ ಕಾಲನ್ನೂ ಅವಳ ಬರಿಗೊರಳನ್ನೂ ಬಹಳ ಹೊತ್ತು ನೋಡಿದಳು.

"ನಿಮ್ಮ ಯಜಮಾನ್ರೇನವ್ವಾ?"

"ಇನ್ನಾ ಆಗಿಲ್ರಿ."

"ಇಂಥಾ ಕಾಲ ಕಟಗೊಂಡ ಏನ ಮಾಡ್ತೀ ಯವ್ವಾ, ಹರೇದ ಹುಡುಗಿ," ಅಂದಳು ಹೆಂಗಸು, ಕನಿಕರದಿಂದಲೇ.

ತಾರವ್ವ ಅವನ ಹಣೆಯ ಮೇಲೆ ಬಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದಳು.

"ಎರಡ ವಾರದ ಮ್ಯಾಲ ಇವತ್ತ ನಿದ್ದಿ ಹತ್ತೈತ್ರಿ ಅವರಿಗೆ," ಅಂದಳು. "ಸಾವಕಾಶ ಮಾತಾಡ್ರಿ."